ಫ್ಯಾನಿಗೆ ಕಂಬಳಿ ಹೊದಿಸಿದ ಹುಲುಗಪ್ಪ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಕತೆ ದೊಡ್ಡದೇನಲ್ಲ. ಕತೆಯೊಳಗಿನವನು ಮಾತ್ರ ಆಳು ಎತ್ತರ, ಬಾಗಿಲು ಅಗಲ.

ಸಿರುಗುಪ್ಪದ ಕಡೆ ಒಂದು ಊರು. ಆ ಊರಲ್ಲಿ ಯಂಕಮ್ಮ ಅಂತ ಒಬ್ಬ ತಾಯಿ. ಆಕೆಗೊಬ್ಬ ಮಗ, ಹುಲುಗಪ್ಪ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಕೆಲಸ. ಒಂದು ಚೀಲ ಹೊರು ಅಂದರೆ ಒಂದು ಹೊರುತ್ತಿದ್ದ. ಹತ್ತು ಹೊರು ಅಂದರೆ ಹತ್ತು. ಸಾಕು ಅನ್ನುವುದನ್ನು ಗಿರಣಿಯವರು ಮರೆತರೋ, ಒಳಗಿಟ್ಟ ಚೀಲವನ್ನೇ ಹೊರಗೆ ತಂದು ಮತ್ತೆ ಒಳಗೆ ಹೊರುತ್ತಿದ್ದ. ಹೇಳಿದ್ದರಲ್ಲಿ ಒಂದು ಚೂರೂ ಬಿಡುವವನಲ್ಲ, ಪುಣ್ಯಾತ್ಮ. ಅದೇ ಅವನ ರೋಗ.

"ಇವನ ತಲ್ಯಾಗ ದೇವರು ಏನ್ ತುಂಬ್ಯಾನವ್ವಾ!" ಅಂತ ಯಂಕಮ್ಮ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. "ತೌಡು" ಅನ್ನುತ್ತಿದ್ದರು ಊರವರು. ನಾನು ಹಾಗನ್ನುವುದಿಲ್ಲ. ತೌಡು ತುಂಬಿದ ತಲೆಗಳನ್ನು ನಾನು ಬೇರೆ ಕಡೆ ನೋಡಿದ್ದೇನೆ, ಅವು ಹೇಳಿದ ಮಾತು ಕೇಳುವುದೇ ಇಲ್ಲ.

ಹುಲುಗಪ್ಪನ ಅಕ್ಕ ಪಂಪಾವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗಳು ಬರುತ್ತಾಳೆ ಅಂತ ಯಂಕಮ್ಮ ಪಡಸಾಲೆಯ ತೊಲೆಗೆ ಹೊಸ ಫ್ಯಾನು ಹಾಕಿಸಿದಳು. ಒಂದರಿಂದ ಐದರವರೆಗೆ ತಿರುಗಿಸುವ ಗುಂಡಿ. ಹಾಕಲು ಬಂದವನು ಏಣಿಯಿಂದ ಇಳಿಯುತ್ತ ಹೇಳಿದ: "ಯಮ್ಮಾ, ಇದು ಬರೇ ಬ್ಯಾಸಗಿಗೆ ಅಲ್ಲ. ಹನ್ನೆರಡು ತಿಂಗಳೂ ಸುಖ ಕೊಡತೈತಿ. ನಡಸಾಕ ತಿಳಿದಿರಬೇಕಷ್ಟ." ಯಂಕಮ್ಮ ಮಗನ ಮುಖ ನೋಡಿದಳು. ಮಗ ಫ್ಯಾನಿನ ಮುಖ ನೋಡುತ್ತಿದ್ದ.

ಸಂಕ್ರಾಂತಿ ಕಳೆದ ನಾಲ್ಕನೇ ದಿನಕ್ಕೆ ಗಂಡುಕೂಸು. ಹುಲುಗಪ್ಪ ಗಿರಣಿಯಿಂದ ಓಡಿ ಬಂದ. ಎರಡೂ ಕೈ ಚಾಚಿದ.

"ನನ್ನ ಅಳಿಯನ್ನ ಕೊಡು ಬೇ! ಒಂದು ಸಲ ಎತ್ಗೊಂತೀನಿ!"

"ಹೆಂಗ ಎತ್ಗೊಂತಿ?"

"ಹಿಂಗ!" ಅಂತ ಅವನು ಭುಜ ಒಡ್ಡಿ, ಬೆನ್ನು ಬಗ್ಗಿಸಿ ತೋರಿಸಿದ.

"ಅಯ್ಯೋ ಖೋಡಿ! ಕೂಸಂದ್ರ ಅಕ್ಕಿ ಚೀಲೇನೋ! ಸರಿ ಅತ್ತಾಗ! ಮೊದಲು ಒಂದು ಕೆಲಸ, ಒಂದೇ ಒಂದು ಕೆಲಸ ಸರಿಯಾಗಿ ಮಾಡಿ ತೋರಿಸು. ಆವತ್ತು ನಾನೇ ನನ್ನ ಕೈಯಾರೆ ಕೊಡ್ತೀನಿ."

"ಖರೇನ?"

"ಖರೇನ."

ಅವತ್ತಿನಿಂದ ಹುಲುಗಪ್ಪನಿಗೆ ಬೇರೆ ಆಸೆಯೇ ಇಲ್ಲ. ಒಂದು ಕೆಲಸ ಸರಿಯಾಗಿ ಮಾಡಬೇಕು, ಅಳಿಯನನ್ನು ಎತ್ತಿಕೊಳ್ಳಬೇಕು.

ಮಾರನೇ ದಿನವೇ ಕೆಲಸ ಸಿಕ್ಕಿತು. ಯಂಕಮ್ಮ ಬಾಣಂತಿ ಖಾರಕ್ಕೆ ಶುಂಠಿ, ಮೆಣಸು ತರಲು ಹೊರಟಿದ್ದಳು. "ಹುಲುಗಾ, ಚಳಿ ಐತಿ. ಬಾಣಂತಿಗೆ ಫ್ಯಾನಿನ ಗಾಳಿ ಬಡೀಬಾರದು. ನೋಡ್ಕೋ."

"ಬಡೀದಂಗ ನೋಡ್ಕೊಂತೀನಿ ಬೇ."

ಯಂಕಮ್ಮ ತಿರುಗಿ ಬಂದು ನೋಡುತ್ತಾಳೆ, ಪಂಪಾವತಿ ಹೊರಸಿನ ಮೇಲೆ ಮುದುರಿಕೊಂಡು ಗಡಗಡ ನಡುಗುತ್ತಿದ್ದಾಳೆ. ಬಾಣಂತಿಗೆಂದೇ ತಂದಿಟ್ಟ ಹೊಸ ಕುರಿ ಕಂಬಳಿ ಎಲ್ಲಿ? ಮೇಲಿದೆ! ಫ್ಯಾನಿಗೆ! ಮೂರು ರೆಕ್ಕೆ ಸೇರಿಸಿ ಸುತ್ತಿ, ಸೆಣಬಿನ ಹಗ್ಗದಲ್ಲಿ ಚೀಲದ ಬಾಯಿ ಕಟ್ಟಿದ ಹಾಗೆ ಬಿಗಿದು ಕಟ್ಟಿದ್ದಾನೆ!

"ಏನೋ ಇದು!"

"ಗಾಳಿ ಬರೋದು ಅದರಾಗಿಂದಲ್ಲೇನ್ ಬೇ? ಅದರ ಬಾಯೇ ಕಟ್ಟೀನಿ."

"ನಿನ್ನ ಬಾಯಾಗ ಮಣ್ಣ ಹಾಕ! ಗುಂಡಿ ಒತ್ತದೇ ಇದ್ರ ಮುಗೀತಿತ್ತಲ್ಲೋ! ಕಂಬಳಿ ಹೊದಿಸೋದು ಮನಷ್ಯಾರಿಗೆ, ಫ್ಯಾನಿಗಲ್ಲ! ಪಡಸಾಲ್ಯಾಗ ಯಾರರೇ ಕುಂತಿದ್ರ ಅವರನ್ನ ತಲಿಯಿಂದ ಕಾಲಿನ ತನಕ ಬೆಚ್ಚಗ ಸುತ್ತಬೇಕು! ತಿಳೀತೇನು?"

"ತಿಳೀತು ಬೇ. ಈಗ ಎತ್ಗೊಳ್ಳಾ?"

"ಸರಿ ಅತ್ತಾಗ!"

ಶಿವರಾತ್ರಿ ಆಯಿತು, ಚಳಿ ಶಿವ ಶಿವಾ ಅಂತ ಹೋಯಿತು. ಯುಗಾದಿ ಹತ್ತಿರ ಬಂತು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಕಲ್ಲಿನ ಮೇಲೆ ರೊಟ್ಟಿ ಸುಡಬಹುದು. ಅಂಥ ಮಟಮಟ ಮಧ್ಯಾಹ್ನ ಯಂಕಮ್ಮನ ತಮ್ಮ ಕರಿಯಪ್ಪ ಕೂಸನ್ನು ನೋಡಲು ಬಂದ. ಬಸ್ಸಿಳಿದು ಒಂದು ಮೈಲಿ ನಡೆದಿದ್ದಾನೆ, ಬೆವರು ಧಾರೆ ಧಾರೆ. ಯಂಕಮ್ಮ ಹಿತ್ತಿಲಲ್ಲಿದ್ದಳು. ಪಡಸಾಲೆಯಲ್ಲಿ ಹುಲುಗಪ್ಪ ಒಬ್ಬನೇ.

ಯಾರಾದರೂ ಕುಂತಿದ್ದರೆ ಏನು ಮಾಡಬೇಕು? ಸುತ್ತಬೇಕು! ಹೇಳಿದ್ದರಲ್ಲಿ ಒಂದು ಚೂರೂ ಬಿಡಲಿಲ್ಲ, ಪುಣ್ಯಾತ್ಮ.

"ಏ ಹುಲುಗಾ! ಏ! ಬಿಡಲೇ! ಉಸಿರು ಕಟ್ಟತೈತಲೇ!"

"ಕಾಲು ಒಂದು ಉಳದೈತಿ, ತಡಿ ಮಾವಾ!"

ಕೂಗು ಕೇಳಿ ಯಂಕಮ್ಮ ಓಡಿ ಬಂದಳು. ಪಡಸಾಲೆಯ ನಡುವೆ ಒಂದು ಕಂಬಳಿಯ ಗಂಟು, ಗಂಟಿನ ಮೇಲೊಂದು ಕೆಂಪು ಮೂಗು. ಬಿಡಿಸಿದಾಗ ಕರಿಯಪ್ಪನನ್ನು ಹಿಂಡಿದರೆ ಒಂದು ಕೊಡ ನೀರು ಬರುತ್ತಿತ್ತು.

"ಬಿಸಲಾಗ ಬಂದವನಿಗೆ ಕಂಬಳಿ ಹೊದಿಸ್ತಾರೇನೋ!"

"ನೀನ ಹೇಳಿದ್ದಿ ಬೇ."

"ಅದು ಚಳಿಗಾಲದ ಮಾತೋ ದೇವರಾ! ಈಗ ಬ್ಯಾಸಗಿ! ಯಾರ ಒಳಗ ಬರ್ಲಿ, ಮೊದಲು ಫ್ಯಾನ್ ಐದಕ್ಕ ಇಡಬೇಕು! ಬಾಗಲಾಗ ಕಾಲಿಟ್ರೋ ಇಲ್ಲೋ, ಐದಕ್ಕ! ಮಾತು ಆಮ್ಯಾಲ!"

"ಐದಕ್ಕ. ತಿಳೀತು ಬೇ."

ನಗಬೇಡಿ. ಅವನು ಅವತ್ತು ರಾತ್ರಿ ಊಟ ಮಾಡುವಾಗಲೂ "ಐದಕ್ಕ, ಐದಕ್ಕ" ಅಂತ ಬಾಯಿಪಾಠ ಮಾಡುತ್ತಿದ್ದ. ಅಳಿಯ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದರೆ ಇವನು ದೂರದಿಂದ ನೋಡಿ ನೋಡಿ ತುತ್ತು ನುಂಗುತ್ತಿದ್ದ. ಮುಟ್ಟುವ ಅಪ್ಪಣೆ ಇಲ್ಲವಲ್ಲ.

ಕೂಸಿಗೆ ಎರೆಯಲು ದಿನಾ ಬರುತ್ತಿದ್ದವಳು ಹುಸೇನಮ್ಮ ಅಂತ ಮುದುಕಿ. ಎರೆದು, ಮೈ ಒರೆಸಿ, ಕೆಂಡದ ಮೇಲೆ ಲೋಬಾನ ಹಾಕಿ ಕೂಸಿಗೆ ಹೊಗೆ ಕೊಡುವುದು ಪದ್ಧತಿ. ಮಾರನೇ ದಿನ ಬೆಳಿಗ್ಗೆ ಎರೆಯುವುದು ಮುಗಿಯಿತು. ಹುಸೇನಮ್ಮ ಹಿತ್ತಿಲ ಒಲೆಯಿಂದ ತಟ್ಟೆಯ ತುಂಬ ಕೆಂಡ, ಬೂದಿ ಹೊತ್ತುಕೊಂಡು ಪಡಸಾಲೆಯ ಬಾಗಿಲಲ್ಲಿ ಕಾಲಿಟ್ಟಳು.

ಕಾಲಿಟ್ಟಳೋ ಇಲ್ಲವೋ, ಹುಲುಗಪ್ಪ ಟಪ್ ಅಂತ ಗುಂಡಿ ಒತ್ತಿ ಐದಕ್ಕೆ ತಿರುಗಿಸಿದ!

ಭುಸ್ಸ್ ಅಂತು ತಟ್ಟೆ. ಮುದುಕಿ ಹೊಸ್ತಿಲಲ್ಲೇ ತಟ್ಟೆ ಕುಕ್ಕಿದ್ದರಿಂದ ಕೆಂಡ ಅಲ್ಲೇ ಉಳಿಯಿತು, ಬೂದಿ ಉಳಿಯಲಿಲ್ಲ. ಹುಸೇನಮ್ಮನ ತಲೆ ಬೆಳ್ಳಗೆ, ಯಂಕಮ್ಮನ ಮುಖ ಬೆಳ್ಳಗೆ, ಪಂಪಾವತಿಯ ಹುಬ್ಬು ಬೆಳ್ಳಗೆ. ಮೂವರೂ ಹೆಂಗಸರು ಮೈಗೆಲ್ಲ ವಿಭೂತಿ ಬಳಿದ ಸಾಧುಗಳ ಹಾಗೆ ಕೂತಿದ್ದರು. ಪಂಪಾವತಿ ಸೆರಗು ಮುಚ್ಚಿದ್ದರಿಂದ ಕೂಸಿಗೆ ಏನೂ ಆಗಲಿಲ್ಲ. ಅದು ಒಂದು ಸೀನು ಸೀನಿ ನಕ್ಕಿತು.

"ಹಾಳಾತು! ಹಾಳಾತು! ಯಾರು ಹಾಕು ಅಂದ್ರೋ!"

"ಹುಸೇನಮ್ಮಾಯಿ ಕಾಲಿಟ್ಳಲ್ಲ ಬೇ. ಮಾತಾಡಿಸಬೇಕಂತಿದ್ದೆ. ಮಾತು ಆಮ್ಯಾಲ ಅಂದಿದ್ದಿ."

"ಥೂ ಮಬ್ಬ! ಫ್ಯಾನ್ ಹಾಕೋಕಿಂತ ಮೊದಲು ಕೆಳಗ ಏನೈತಿ ನೋಡಬೇಕೋ ಬ್ಯಾಡೋ! ಹಾರೋವಂಥದ್ದು ಇದ್ರ ಅದರ ಮ್ಯಾಲ ಭಾರ ಇಡಬೇಕು! ಗಟ್ಟಿ ಕಲ್ಲು ಇಡಬೇಕು!"

"ಹಾರೋದರ ಮ್ಯಾಲ ಕಲ್ಲು. ತಿಳೀತು ಬೇ."

ಹುಸೇನಮ್ಮ ಮಾತ್ರ ಬೂದಿ ಕೊಡವುತ್ತ ಅಂದಳು: "ಬೈಬ್ಯಾಡ ಯಂಕಮ್ಮಾ. ಹೇಳಿದ ಕೆಲಸ ಮಾಡೋ ಮಗ ಎಷ್ಟು ಮಂದಿಗದಾನ?" ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕಬೇಕು. ಯಂಕಮ್ಮನಿಗೆ ಅಷ್ಟು ಸಮಾಧಾನ ಇರಲಿಲ್ಲ. ಮೂಲೆಮೂಲೆಯ ಬೂದಿ ಗುಡಿಸಲು ಎರಡು ದಿನ ಹಿಡಿಯಿತು.

ಮಿರಗದ ಮಳೆ ಹಿಡಿಯಿತು. ಬಿಸಿಲಿಲ್ಲ. ಕೂಸಿನ ಬಟ್ಟೆ ಒಣಗುತ್ತಿಲ್ಲ, ಕೂಸು ಒದ್ದೆ ಮಾಡುವುದನ್ನು ನಿಲ್ಲಿಸುತ್ತಿಲ್ಲ. ಯಂಕಮ್ಮ ಒಗೆದ ಬಟ್ಟೆಯ ಬುಟ್ಟಿ ಮಗನ ಕೈಗೆ ಕೊಟ್ಟಳು. "ಇವನ್ನ ಫ್ಯಾನಿನ ಗಾಳಿಗೆ ಹಾಕಪ್ಪ."

ಹುಲುಗಪ್ಪ ಬಟ್ಟೆ ಮುಟ್ಟಿ ನೋಡಿದ. ತೆಳ್ಳಗಿವೆ. ಹಾರುವಂಥವೇ. ಒಂದರ ಮೇಲೊಂದು ಒಟ್ಟಿ, ಒಳಕಲ್ಲಿನ ಗುಂಡು ಎತ್ತಿ ತಂದು ಮೇಲಿಟ್ಟ. ಆಮೇಲೆ ಫ್ಯಾನು ಹಾಕಿದ. ಸಂಜೆ ಯಂಕಮ್ಮ ಬಂದು ನೋಡಿದರೆ ಹಸಿ ಬಟ್ಟೆ ಹಸಿಯಾಗೇ ಇದೆ, ಮೇಲೆ ವಾಸನೆ ಬೇರೆ.

"ಒಣಗಿಸು ಅಂದ್ರ ಉಪ್ಪಿನಕಾಯಿ ಹಾಕೀಯಲ್ಲೋ!"

"ಒಂದೂ ಹಾರಿಲ್ಲ ನೋಡು ಬೇ."

ಯಂಕಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೆಲಕ್ಕೆ ಕುಸಿದು ಕೂತಳು. "ಕೇಳಪ್ಪ, ಕೇಳು. ಮಳಿಗಾಲದಾಗ ತೊಯ್ದದ್ದು ಏನ ಇರ್ಲಿ, ಪಡಸಾಲ್ಯಾಗ ಹಗ್ಗ ಕಟ್ಟಬೇಕು, ಹಗ್ಗಕ್ಕ ಹಾಕಬೇಕು, ಕ್ಲಿಪ್ಪು ಹಚ್ಚಬೇಕು. ಫ್ಯಾನ್ ಹಾಕಿ ಒಣಗೋ ತನಕ ಬಿಡಬಾರದು."

"ಒಣಗೋ ತನಕ ಬಿಡಬಾರದು. ತಿಳೀತು ಬೇ."

ಅಯ್ಯೋ, ಇದನ್ನು ಅವಳು ಹೇಳಬಾರದಿತ್ತು. ಯಾಕೆಂದರೆ ಮಾರನೇ ದಿನ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದವಳು ಪಂಪಾವತಿಯ ಅತ್ತೆ, ತಿಪ್ಪಮ್ಮ. ಸೊಸೆಯನ್ನೂ ಮೊಮ್ಮಗನನ್ನೂ ಕರೆದೊಯ್ಯಲು ಬಂದಿದ್ದಳು. ಊರಿಗೇ ಜೋರಿನ ಹೆಂಗಸು. ಗಂಡ ಅವಳೆದುರು ಕೆಮ್ಮುವಾಗಲೂ ಕೇಳಿ ಕೆಮ್ಮುತ್ತಿದ್ದ.

ಯಂಕಮ್ಮ ಒಣ ಸೀರೆ ತರಲು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ತಿಪ್ಪಮ್ಮ ಹಗ್ಗದ ಕೆಳಗೆ ನಿಂತಿದ್ದಾಳೆ. ಸೆರಗು ಹಗ್ಗಕ್ಕೆ, ನಾಲ್ಕು ಕ್ಲಿಪ್ಪು. ಬಿಚ್ಚಿದ ಜಡೆ ಹಗ್ಗಕ್ಕೆ, ಮೂರು ಕ್ಲಿಪ್ಪು. ಫ್ಯಾನು ಐದರಲ್ಲಿ. ಬಿಡಿಸಿಕೊಳ್ಳಲು ಕೈ ಎತ್ತಿದರೆ ಹುಲುಗಪ್ಪ ಮೆಲ್ಲಗೆ ಕೈ ಇಳಿಸುತ್ತಿದ್ದಾನೆ.

"ಇನ್ನಾ ಹಸಿ ಅದೀರಿ ಅತ್ತೀ. ಒಣಗೋ ತನಕ ಬಿಡಬಾರದು."

"ಯಂಕಮ್ಮಾ!" ಅಂದಳು ತಿಪ್ಪಮ್ಮ. ಆ ಒಂದು ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದು ಕೂತವು. "ನಾಳೆ ಐದರ ಬಸ್ಸಿಗೆ ನಾವು ಹೊಂಟ್ವಿ! ಈ ಪೆದ್ದನ ಕೈಗೆ ಮಾತ್ರ ನನ್ನ ಮೊಮ್ಮಗನ್ನ ಕೊಟ್ಟೀ ಜ್ವಾಕಿ! ಕೂಸನ್ನೂ ಹಗ್ಗಕ್ಕ ಹಾಕ್ಯಾನು!"

ಹುಲುಗಪ್ಪ ಹಿತ್ತಿಲಿಗೆ ಹೋಗಿ ಒಳಕಲ್ಲಿನ ಹತ್ತಿರ ಕೂತ. ಯಂಕಮ್ಮ ಬೈಯಲು ಅಂತಲೇ ಹಿಂದೆ ಹೋದಳು. ಅವನ ದೊಡ್ಡ ಬೆನ್ನು ಅಲುಗುವುದನ್ನು ನೋಡಿ ಪಕ್ಕದಲ್ಲಿ ಕೂತಳು.

"ನಾಳೆ ಹೋಗತಾರಂತ ಬೇ. ನಾನು ಒಂದ ಸಲಾನೂ ಎತ್ಗೊಳ್ಳಲಿಲ್ಲ."

"ನಾಳಿಗೆ ಇನ್ನೂ ಹೊತ್ತೈತೆಪ್ಪ," ಅಂದಳು ತಾಯಿ. ಅವಳ ಕಣ್ಣಲ್ಲೂ ನೀರು ಬಂದಿತ್ತು.

ಮಾರನೇ ದಿನ ಮಧ್ಯಾಹ್ನ ಎದುರು ಮನೆಯವರು ಪಂಪಾವತಿಗೆ ಉಡಿ ತುಂಬಲು ಮೂವರು ಹೆಂಗಸರನ್ನೂ ಕರೆದರು. ಕೂಸು ಆಗಷ್ಟೇ ಮಲಗಿತ್ತು. ಎದುರು ಮನೆ ತಾನೆ, ಈಗ ಹೋಗಿ ಈಗ ಬರುವುದು. ಯಂಕಮ್ಮ ಮಗನ ಎರಡೂ ಭುಜ ಹಿಡಿದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕೂಸಿನ ಮೈ ಮುಟ್ಟಬ್ಯಾಡ. ಹಗ್ಗ ಮುಟ್ಟಬ್ಯಾಡ. ಕಲ್ಲು ಮುಟ್ಟಬ್ಯಾಡ. ಮಳಿಗಾಲಕ್ಕ ಫ್ಯಾನ್ ಮೂರು ಅಂದ್ರ ಮೂರು. ಐದಕ್ಕಿಟ್ರ ಕೂಸಿಗೆ ಥಂಡಿ. ನಿಂತ್ರ ಸೊಳ್ಳಿ ಮುತ್ತಿ ಕೂಸು ಏಳತೈತಿ. ನಾ ಬರೋ ತನಕ ಫ್ಯಾನ್ ನಿಲ್ಲಬಾರದು. ಇದೊಂದು ಮಾಡಿದ್ರ ನಾನು ಯಾರ ಮಾತೂ ಕೇಳಂಗಿಲ್ಲ, ಕೈಯಾರೆ ಕೊಡ್ತೀನಿ."

"ಮೂರು. ನಿಲ್ಲಬಾರದು. ತಿಳೀತು ಬೇ."

ಹೆಂಗಸರು ಎದುರು ಮನೆ ಹೊಕ್ಕದ್ದೇ ತಡ, ಮಳೆ ಧೋ ಅಂತು. ಓಣಿ ತುಂಬ ನೀರು. ದಾಟುವ ಹಾಗಿಲ್ಲ. ಜೊತೆಗೆ ಕರೆಂಟೂ ಹೋಯಿತು.

"ಫ್ಯಾನ್ ನಿಂತಿರತೈತಿ. ಕೂಸು ಎದ್ದಿರತೈತಿ. ಆ ಪೆದ್ದ ಏನ್ ಮಾಡ್ಯಾನೋ!" ತಿಪ್ಪಮ್ಮ ಬಾಗಿಲಲ್ಲಿ ನಿಂತು ಚಡಪಡಿಸಿದಳು. ಒಂದು ತಾಸು ಹೋಯಿತು. ಎರಡು ತಾಸು ಹೋಯಿತು. ಮಳೆ ತುಸು ತಗ್ಗಿದ್ದೇ ಮೂವರೂ ಸೀರೆ ಎತ್ತಿಕಟ್ಟಿ ಮೊಣಕಾಲು ನೀರಲ್ಲಿ ಓಡಿಬಂದರು.

ಬಂದು ನೋಡಿದರೆ ಕೂಸು ತಣ್ಣಗೆ ಮಲಗಿದೆ. ಒಂದು ಸೊಳ್ಳೆ ಇಲ್ಲ. ಮೇಲೆ ಫ್ಯಾನು ತಿರುಗುತ್ತಿದೆ.

ಕರೆಂಟಿಲ್ಲ, ಫ್ಯಾನು ತಿರುಗುತ್ತಿದೆ! ಹೊರಸಿನ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, ಒಂದೊಂದೇ ರೆಕ್ಕೆ ದೂಡಿ ದೂಡಿ ಹುಲುಗಪ್ಪ ತಿರುಗಿಸುತ್ತಿದ್ದಾನೆ. ಮೈಯಿಂದ ಬೆವರು ಹೊರಸಿಗೆ ತೊಟ್ಟಿಕ್ಕುತ್ತಿದೆ.

"ಮೂರಕ್ಕೇ ಇಟ್ಟೀನಿ ಬೇ," ಅಂದ ಏದುಸಿರು ಬಿಡುತ್ತ. "ಐದಕ್ಕ ಬಿಟ್ಟಿಲ್ಲ."

ಯಂಕಮ್ಮ ಮೊದಲು ಓಡಿದ್ದು ಗುಂಡಿಯ ಹತ್ತಿರ. ಗುಂಡಿ ಹಾಕಿಯೇ ಇತ್ತು! ಟಪ್ ಅಂತ ಆರಿಸಿ ಗೋಡೆ ಹಿಡಿದುಕೊಂಡಳು. "ನಡುವ ಕರೆಂಟ್ ಬಂದಿದ್ರ! ನಿನ್ನ ಕೈಬೆರಳು ಹೋಗತಿದ್ವಲ್ಲೋ ನನ್ನಪ್ಪಾ!" ಅಂತ ಬಾಯಿ ಬಿಟ್ಟು ಅತ್ತಳು.

"ಮೊರ ತಗೊಂಡು ಬೀಸಿದ್ರ ಆಗತಿತ್ತಲ್ಲೋ!" ಅಂದಳು ತಿಪ್ಪಮ್ಮ.

"ಅದನ್ನ ಯಾರೂ ಹೇಳಲಿಲ್ಲ ಅತ್ತೀ."

ಯಂಕಮ್ಮ ಕಣ್ಣೊರೆಸಿಕೊಂಡು, ತೊಟ್ಟಿಲಿಂದ ಕೂಸನ್ನು ಎತ್ತಿ ಮಗನ ಹತ್ತಿರ ಬಂದಳು. "ತಗೋ. ಕೈ ಚಾಚು."

ಹುಲುಗಪ್ಪ ಹೊರಸಿನಿಂದ ಇಳಿದ. ಕೈ ಚಾಚಲು ನೋಡಿದ. ಕೈ ಬರಲಿಲ್ಲ. ಎರಡು ತಾಸು ಮೇಲೆತ್ತಿ ದೂಡಿದ ಕೈಗಳು ಜೋತು ಬಿದ್ದು ಥರಥರ ನಡುಗುತ್ತಿದ್ದವು. ನೂರು ಚೀಲ ಹೊತ್ತವನಿಗೆ ಅಂಗೈ ಮಡಚಲೂ ಆಗಲಿಲ್ಲ.

"ಬ್ಯಾಡ ಬೇ," ಅಂದ. "ಬೀಳಸ್ತೀನಿ."

ಐದರ ಬಸ್ಸು ಯಾರಿಗೂ ಕಾಯುವುದಿಲ್ಲ. ಪಂಪಾವತಿ ತಮ್ಮನ ತಲೆ ಸವರಿ, ಅತ್ತು, ಹೊರಟಳು. ಬಸ್ಸು ತಿರುವು ದಾಟಿದ ಮೇಲೆ ಯಂಕಮ್ಮ ಮಗನ ಸೋತ ಕೈ ಹಿಡಿದುಕೊಂಡಳು.

"ನಾಗರ ಪಂಚಮಿಗೆ ಬರ್ತಾರ. ಆವತ್ತು ನಾನೇ ಕೈಯಾರೆ ಕೊಡ್ತೀನಿ. ಬಸ್ಸು ಬಂದ ಕೂಡ್ಲೆ ನನಗ ಹೇಳು."

"ಬಸ್ಸು ಬಂದ ಕೂಡ್ಲೆ. ತಿಳೀತು ಬೇ."

ಆ ಊರಿಗೆ ದಿನಕ್ಕೆ ಹನ್ನೊಂದು ಬಸ್ಸು. ಗಿರಣಿಯ ಕೆಲಸ ಬಿಟ್ಟು ಹನ್ನೊಂದು ಸಲವೂ ಓಡಿ ಬರುತ್ತಿದ್ದ. ಯಂಕಮ್ಮ ರೊಟ್ಟಿ ಬಡಿಯುತ್ತಿರಲಿ, ನಿದ್ದೆ ಮಾಡುತ್ತಿರಲಿ, "ಬಸ್ಸು ಬಂತು ಬೇ!" ಅವಳೂ ಹನ್ನೊಂದು ಸಲ ದಡಬಡ ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದಳು. ಒಂದು ತಿಂಗಳಾಯಿತು. ಕೊನೆಗೊಮ್ಮೆ, ಪಂಚಮಿಗೆ ಎರಡು ದಿನ ಇರುವಾಗ, ಸಿಟ್ಟು ನೆತ್ತಿಗೇರಿತು.

"ಸಾಕು ಮಾಡೋ! ನಾ ಮಲಗಿದಾಗ ಎಬ್ಬಿಸಬ್ಯಾಡ! ಬಸ್ಸು ಬರ್ಲಿ, ರೈಲು ಬರ್ಲಿ, ಬಸ್ಸಿಂದ ಊರಿಗೆ ಊರೇ ಇಳೀಲಿ, ನಾನಾಗೇ ಏಳೋ ತನಕ ಫ್ಯಾನಿನ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಕೇಳಬಾರದು!"

"ತಿಳೀತು ಬೇ."

ಪಂಚಮಿ ಬಂತು. ಯಂಕಮ್ಮ ಕೋಳಿ ಕೂಗುವ ಮುಂಚೆ ಎದ್ದು ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಅಂತ ಡಬ್ಬಿ ಡಬ್ಬಿ ಮಾಡಿಟ್ಟಳು. ಮಧ್ಯಾಹ್ನ ದಾರಿ ನೋಡಿ ನೋಡಿ, ಫ್ಯಾನಿನ ಕೆಳಗೆ ಸೆರಗು ಹಾಸಿ ಅಡ್ಡಾದಳು. ಅಡ್ಡಾದವಳಿಗೆ ನಿದ್ದೆ ಹತ್ತಿತು.

ಆಗಲೇ ಬಸ್ಸು ಬಂತು. ಪಂಪಾವತಿ ಬಂದಳು, ತಿಪ್ಪಮ್ಮ ಬಂದಳು, ಏಳು ತಿಂಗಳ ಅಳಿಯ ಗುಂಡುಗುಂಡಗೆ ಬಂದ. ಹುಲುಗಪ್ಪ ಬಾಗಿಲಿಗೆ ಅಡ್ಡ ನಿಂತು ಬಾಯಿ ಮೇಲೆ ಬೆರಳಿಟ್ಟ. "ಶ್ಶ್! ಚಪ್ಪಲಿ ಕೈಯಾಗ ಹಿಡ್ಕೊರಿ!" ಊರಿಗೇ ಜೋರಿನ ತಿಪ್ಪಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು ಕೂತಳು.

"ಅವ್ವನ್ನ ಎಬ್ಬಸೋ," ಅಂದಳು ಪಂಪಾವತಿ ಪಿಸುದನಿಯಲ್ಲಿ.

"ಊರಿಗೆ ಊರೇ ಇಳಿದ್ರೂ ಎಬ್ಬಿಸಬ್ಯಾಡ ಅಂದಾಳ. ನೀವು ಬರೇ ಮೂರು ಮಂದಿ."

ತಿಪ್ಪಮ್ಮನಿಗೆ ಏನನಿಸಿತೋ, ಮೊಮ್ಮಗನನ್ನು ತಾನೇ ಎತ್ತಿ ಅವನ ಮುಂದೆ ಹಿಡಿದಳು. "ತಗೋಳಪ್ಪ, ನಿನ್ನ ಅಳಿಯನ್ನ ನೀನು ಎತ್ಗೋ."

ಹುಲುಗಪ್ಪನ ಕಣ್ಣು ಅಗಲವಾದವು. ಎರಡೂ ಕೈ ತಾವಾಗೇ ಮುಂದೆ ಬಂದವು, ಬೊಗಸೆ ಬಿಚ್ಚಿತು. ಆದರೆ ತಲೆ ಅಲ್ಲಾಡಿಸಿಬಿಟ್ಟ.

"ಬ್ಯಾಡ ಅತ್ತೀ. ಅವ್ವ ತನ್ನ ಕೈಯಾರೆ ಕೊಡ್ತೀನಿ ಅಂದಾಳ."

ಎಬ್ಬಿಸುವ ಹಾಗಿಲ್ಲ. ಎಬ್ಬಿಸದೆ ಎತ್ತಿಕೊಳ್ಳುವ ಹಾಗಿಲ್ಲ. ಹಾಗಾಗಿ ಚಾಚಿದ ಬೊಗಸೆ ಚಾಚಿದ ಹಾಗೇ ತಾಯಿಯ ಮುಂದೆ ಮಂಡಿಯೂರಿ ಕೂತ. ಒಂದು ತಾಸು ಕೂತ. ತಿಪ್ಪಮ್ಮನಿಗೆ ಸೀನು ಬಂತು, ಸೆರಗು ಕಚ್ಚಿ ತಡೆದಳು. ಕೂಸು ಮಾತ್ರ ಅಜ್ಜಿಯ ತೊಡೆಯ ಮೇಲೆ ಅಂಗಾತ ಮಲಗಿ, ತಿರುಗುವ ಫ್ಯಾನನ್ನೇ ನೋಡುತ್ತ ಸದ್ದಿಲ್ಲದೆ ಕೈ ಆಡಿಸುತ್ತಿತ್ತು.

ಯಂಕಮ್ಮ ಕಣ್ಣು ಬಿಟ್ಟಳು. ಮಗಳ ಮುಖ ಕಂಡಿತು. ಬೀಗಿತ್ತಿಯ ಕೈಯಲ್ಲಿ ಚಪ್ಪಲಿ ಕಂಡಿತು. ಮಗನ ಖಾಲಿ ಬೊಗಸೆ ಕಂಡಿತು.

"ಎಷ್ಟೊತ್ತಾತೋ ಇವರು ಬಂದು!"

"ಒಂದು ತಾಸಾತು ಬೇ. ಎದ್ದಿಯಲ್ಲ, ಕೊಡು."

ಎದ್ದಳು. ಕೂಸನ್ನು ಎತ್ತಿ, ಮುತ್ತಿಟ್ಟು, ತನ್ನ ಎರಡೂ ಕೈಯಾರೆ ಆ ಬೊಗಸೆಯಲ್ಲಿ ಇಟ್ಟಳು.

ಹುಲುಗಪ್ಪ ಉಸಿರಾಡಲಿಲ್ಲ, ಅಲುಗಲಿಲ್ಲ. ಅಳಿಯ ಅವನ ಮೀಸೆ ಹಿಡಿದು ಎಳೆದ. ಆಮೇಲೆ ತುಟಿ ಮುಂದೆ ಮಾಡಿ ಅಳಲು ಹೊರಟ.

"ಅಳತಾನ ಬೇ! ಏನ್ ಮಾಡ್ಲಿ?"

"ಹಂಗ ಕಲ್ಲು ಕುಂತಂಗ ಕುಂತ್ರ ಅಳದೇನ್ ಮಾಡ್ಯಾನು? ತೂಗಪ್ಪ, ಸ್ವಲ್ಪ ತೂಗು."

ಹುಲುಗಪ್ಪ ಗಾಬರಿಯಿಂದ ತಾಯಿಯ ಮುಖ ನೋಡಿದ.

"ಎಷ್ಟಕ್ಕ ಇಡ್ಲಿ ಬೇ?"

ತಿಪ್ಪಮ್ಮ ನಕ್ಕು ನಕ್ಕು ನೆಲಕ್ಕೆ ಉರುಳಿದಳು. ಯಂಕಮ್ಮ ನಗುತ್ತ ಅಳುತ್ತ ಮಗನ ಮೊಣಕೈಗೆ ತನ್ನ ಕೈ ಒತ್ತುಕೊಟ್ಟಳು.

"ಒಂದಕ್ಕ ಇಡಪ್ಪ," ಅಂದಳು. "ಒಂದಕ್ಕ."